ಟೀವಿಯವರ ಊಟ ಆದ ಮೇಲೆ

ನಮ್ಮವ್ವ ಟೀವಿಯಲ್ಲಿ ವಾರ್ತೆ ಓದುವವನ ಮುಂದೆ ಒಂದು ಲೋಟ ನೀರು ಇಟ್ಟ ದಿನ ನಾನೂ ನನ್ನ ಹೆಂಡತಿಯೂ ಬಿದ್ದು ಬಿದ್ದು ನಕ್ಕಿದ್ದೆವು. ಆ ಮನುಷ್ಯ ದಿನಾ ಮಾಡುವ ಹಾಗೆ ಅವತ್ತೂ ಗಂಟಲು ಹರಿದುಕೊಂಡು ಅರಚುತ್ತಿದ್ದ. ಅವ್ವ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಸೆರಗನ್ನು ತಲೆ ಮೇಲಕ್ಕೆ ಎಳೆದುಕೊಂಡು ಎದ್ದು ಹೋಗಿ, ಸ್ಟೀಲ್ ಲೋಟದಲ್ಲಿ ನೀರು ತಂದು ಟೀವಿ ಪಕ್ಕ ಇಟ್ಟು, "ಕುಡ್ಕಂಡು ಆಮೇಲೆ ಹೇಳಪ್ಪ, ನಾವೇನು ಎಲ್ಲಿಗೂ ಓಗಕ್ಕಿಲ್ಲ" ಅಂದಳು.

ನಗುವುದು ಒಂದು ತಿಂಗಳು ನಡೆಯಿತು. ಆಮೇಲೆ ನಿಂತುಹೋಯಿತು, ಯಾಕೆಂದರೆ ಅವ್ವ ಊಟ ಮಾಡುವುದನ್ನು ನಿಲ್ಲಿಸಿಬಿಟ್ಟಳು.

ಅಪ್ಪ ತೀರಿಕೊಂಡ ಮೇಲೆ ಹಳೇಕೋಟೆ ಕಡೆಯ ನಮ್ಮೂರಿಂದ ಅವ್ವನನ್ನು ಚನ್ನರಾಯಪಟ್ಟಣಕ್ಕೆ ಕರೆದುಕೊಂಡು ಬಂದಿದ್ದೆ. ನನಗೆ ಇಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದಕ್ಕೆ ಈಗಲೂ ಹೊತ್ತು ಬೇಕು. ಆದರೆ ಸುಟ್ಟುಹೋದ ಬೋರಿನ ಮೋಟಾರನ್ನು ಮೂಸಿ ನೋಡಿಯೇ ಎಲ್ಲಿ ಸುಟ್ಟಿದೆ ಅಂತ ಹೇಳಬಲ್ಲೆ. ಸುತ್ತಮುತ್ತಲ ತೆಂಗಿನ ತೋಟದವರು ಮೋಟಾರು ಹೊತ್ತುಕೊಂಡು ಮೊದಲು ಬರುವುದು ನನ್ನ ಹತ್ತಿರಕ್ಕೇ. ಇದನ್ನು ನಾನು ಜಂಬದಿಂದಲೇ ಹೇಳುತ್ತೇನೆ. ಮೂವತ್ತೈದು ವರ್ಷ ತಾಮ್ರದ ತಂತಿ ಸುತ್ತಿ ಬೆರಳು ಸವೆಸಿದವನಿಗೆ ಅಷ್ಟು ಜಂಬ ಇರಲಿ ಬಿಡಿ.

ಅವ್ವನ ಮರೆವು ಒಂದೇ ದಿನ ಬಂದಿದ್ದಲ್ಲ. ಮೊದಲು ಒಲೆ ಮೇಲೆ ಏನಿಟ್ಟೆ ಅನ್ನುವುದು ಹೋಯಿತು. ಆಮೇಲೆ ತಾನು ಇರುವುದು ಯಾವೂರು ಅನ್ನುವುದು ಹೋಯಿತು. ಕೊನೆಗೆ ನಾನು ಹೋದೆ. ಒಂದು ಮಧ್ಯಾಹ್ನ ಅಂಗಡಿಯಿಂದ ಗ್ರೀಸ್ ಮೆತ್ತಿದ ಅಂಗಿಯಲ್ಲೇ ಮನೆಗೆ ಬಂದಾಗ ಅವ್ವ ನನ್ನ ಹೆಂಡತಿಯನ್ನು ಕೂಗಿ, ಮೋಟಾರಿನವನು ಬಂದವ್ನೆ, ಪಾಪ ಬಿಸಿಲಲ್ಲಿ ಬಂದವ್ನೆ, ಕಾಫಿ ಕೊಡಮ್ಮ ಅಂದಳು. ಕಾಫಿ ಕುಡಿದೆ. ಅದು ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಸುಳ್ಳು, ಇಳಿಯಿತು. ಅವತ್ತಿಂದ ನಾನು ಅವ್ವನ ಪಾಲಿಗೆ ಮೋಟಾರಿನವನೇ.

ಊಟದ ಕಥೆ ಹೇಳುತ್ತೇನೆ. ಡೈನಿಂಗ್ ಟೇಬಲ್ಲಿನ ಮುಂದೆ ದಿಂಬು ಹಾಕಿದ ಕುರ್ಚಿಯಲ್ಲಿ ಅವ್ವನನ್ನು ಕೂರಿಸಿ, ಮನೆಯಲ್ಲಿ ಎಲ್ಲರಿಗಿಂತ ಮೊದಲು ಅವಳಿಗೆ ತಟ್ಟೆ ಇಡುತ್ತಿದ್ದೆವು. ಎದುರಿಗೇ ಟೀವಿ. ಅವ್ವ ತಟ್ಟೆ ನೋಡುವಳು, ಟೀವಿ ನೋಡುವಳು, ಕೈ ಹಿಂದಕ್ಕೆ ಎಳೆದುಕೊಳ್ಳುವಳು. ಅಲ್ಲಿ ಕೂತವರಿಗೆ ಯಾರೂ ಊಟ ಕೊಟ್ಟಿಲ್ಲ. ಮನೆಗೆ ಬಂದವರು ಬಾಯಿ ಒಣಗಿಸಿಕೊಂಡು ಕೂತಿರುವಾಗ ತಾನೊಬ್ಬಳೇ ಮುದ್ದೆ ಮುರಿಯುವುದು ಹೇಗೆ. ನನ್ನ ಹೆಂಡತಿ ಕೈಯಾರೆ ತುತ್ತು ಮಾಡಿ ಬಾಯಿಗಿಟ್ಟರೆ, ಬಂದವರು ನೋಡ್ತಾವ್ರೆ ಅಂತ ಸೆರಗು ಅಡ್ಡ ಹಿಡಿದು ಉಗಿದುಬಿಡುವಳು. ನಾವು ಅತ್ತ ತಿರುಗಿದಾಗ ಮುದ್ದೆಯನ್ನು ಚೂರು ಮಾಡಿ ಟೀವಿ ಕೆಳಗೆ ಸಾಲಾಗಿ ಇಟ್ಟುಬಿಡುವಳು. ಇರುವೆ ಬಂದಾಗಲೇ ನಮಗೆ ಗೊತ್ತಾಗುತ್ತಿದ್ದುದು.

ಟೀವಿ ಆರಿಸಿದರೆ ಆಯಿತಲ್ಲ ಅಂತ ಕೇಳುತ್ತೀರಿ. ಆರಿಸಿದೆವು. ಮನೆಯಲ್ಲಿ ಯಾರೂ ಇಲ್ಲ, ಎಲ್ಲ ಎಲ್ಲಿ ಓದ್ರು ಅಂತ ಅವ್ವ ಗೇಟಿನ ತನಕ ಹೋಗಿ, ಅದರ ಕಂಬಿ ಹಿಡಿದುಕೊಂಡು ನಿಂತಳು. ಹೈವೇ ಬಸ್ಸುಗಳ ಸದ್ದು ಕೇಳಿದರೆ ಊರಿಗೆ ಹೋಗಬೇಕು ಅನ್ನುವಳು. ಟೀವಿ ಹಾಕಿದರೆ ಮಾತ್ರ ಒಳಗೆ ಬಂದು ಕೂರುವಳು. ಹಾಕಿದರೆ ಉಪವಾಸ, ಆರಿಸಿದರೆ ಬೀದಿ.

ಹಾಸನದ ಡಾಕ್ಟರು ಅವ್ವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿ, ಹಿಂದಿನ ಚೀಟಿಯ ಜೊತೆ ಹೋಲಿಸಿದರು. ಒಳ್ಳೆಯ ಮನುಷ್ಯ, ಹೆದರಿಸುವವರಲ್ಲ. ಇನ್ನೊಂದು ತಿಂಗಳು ನೋಡೋಣ, ಹೀಗೇ ಇಳಿಯುತ್ತಾ ಹೋದರೆ ಮೂಗಿನಿಂದ ಹೊಟ್ಟೆಗೆ ಪೈಪು ಹಾಕಿ ಅದರಲ್ಲೇ ಗಂಜಿ ಬಿಡಬೇಕಾಗುತ್ತದೆ ಅಂದರು. ಮರೆವಿನವರು ಆ ಪೈಪನ್ನು ಕಿತ್ತು ಹಾಕುತ್ತಾರೆ, ಹಾಗಾಗಿ ಕೆಲವರಿಗೆ ಕೈಗೆ ಚೀಲ ಕಟ್ಟುತ್ತಾರೆ ಅಂತಲೂ ಹೇಳಿದರು. ನಾನು ಅವ್ವನ ಕೈ ನೋಡಿದೆ. ಸೀರೆ ಅಂಚನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. ಆ ಕೈಗೆ ಚೀಲ ಕಟ್ಟುವುದು ನನ್ನಿಂದ ಆಗುವ ಕೆಲಸವಲ್ಲ ಅಂತ ಅಲ್ಲೇ ತೀರ್ಮಾನವಾಯಿತು. ಒಂದು ತಿಂಗಳು ಅಂದರಲ್ಲ, ಅಷ್ಟರೊಳಗೆ ಅವ್ವ ಉಣ್ಣಬೇಕು. ಎಷ್ಟೋ ಕೆಟ್ಟ ಮೋಟಾರು ಎಬ್ಬಿಸಿದ್ದೇನೆ, ಇದೊಂದು ಆಗದಾ ಅಂದುಕೊಂಡೆ.

ರಿಪೇರಿಗೆ ಇಳಿದೆ. ಒಂದೊಂದೇ ಚಾನೆಲ್ಲು ಬದಲಿಸಿ, ಯಾವುದಕ್ಕೆ ಅವ್ವ ಊಟ ಮಾಡುತ್ತಾಳೆ ಅಂತ ನೋಡುವುದು. ಧಾರಾವಾಹಿ ಹಾಕಿದರೆ ಅಲ್ಲಿ ಸೊಸೆಯೊಬ್ಬಳು ಅಳುತ್ತಾ ಊಟದ ಮುಂದಿಂದ ಎದ್ದು ಹೋದಳು. ಅವ್ವನೂ ಎದ್ದಳು, ಸಮಾಧಾನ ಮಾಡುವುದಕ್ಕೆ. ಭಜನೆ ಹಾಕಿದರೆ ಕೈ ಮುಗಿದು ಕೂತು, ಪೂಜೆ ಮುಗೀಲಿ, ಆಮೇಲೆ ಉಣ್ಣವ ಅಂದಳು. ಆ ಚಾನೆಲ್ಲಿನಲ್ಲಿ ಪೂಜೆ ಮುಗಿಯುವುದೇ ಇಲ್ಲ. ಅಡುಗೆ ಕಾರ್ಯಕ್ರಮ ಸರಿಹೋದೀತು ಅಂತ ಬಹಳ ಆಸೆಯಿತ್ತು. ಇಬ್ಬರು ಹೆಂಗಸರು ಅರ್ಧ ಗಂಟೆ ಅಡುಗೆ ಮಾಡಿ ಕೊನೆಗೆ ಒಂದೊಂದು ಚಮಚ ಬಾಯಿಗಿಟ್ಟುಕೊಂಡು ಆಹಾ ಅಂದರು. ಅವ್ವನಿಗೆ ಅಸಹ್ಯವಾಯಿತು. ಅಷ್ಟೊಂದು ಬೇಯಿಸಿ ಯಾರಿಗೂ ಇಕ್ಕದೆ ಎತ್ತಿಟ್ಟುಕೊಂಡರಲ್ಲ, ಎಂಥ ಜನ ಅಂದಳು. ಕೊನೆಗೆ ಕಾಡುಪ್ರಾಣಿಗಳದ್ದು ಹಾಕಿದೆ. ಆನೆಗಳು ಸೊಪ್ಪು ಮುರಿದು ತಿನ್ನುತ್ತಿದ್ದವು, ಹೊಟ್ಟೆ ತುಂಬ. ಅವ್ವ ಬಾಯಿ ಬಿಟ್ಟುಕೊಂಡು ನೋಡಿ, ನನ್ನ ಹೆಂಡತಿಯ ಕಡೆ ತಿರುಗಿ, "ಇವಕ್ಕೆಲ್ಲ ಮುದ್ದೆ ತೊಳಸಕ್ಕೆ ನಿನ್ ಕೈಲಾಯ್ತದೇನಮ್ಮ?" ಅಂದಳು. ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ನಕ್ಕು, ಅಲ್ಲೇ ನಿಂತು ಅತ್ತಳು.

ಹತ್ತು ದಿನ ಹೀಗೇ ಕಳೆಯಿತು. ಅಷ್ಟರಲ್ಲಿ ನನ್ನ ತಂಗಿ ಬಂದಳು. ಅವಳನ್ನು ಕೊಟ್ಟಿರುವುದು ಅರಕಲಗೂಡಿನ ಆಚೆ, ಮಲ್ಲಿಪಟ್ಟಣದ ಕಡೆಗೆ. ಅವ್ವನಿಗೆ ಹಳೆಯ ಮುಖಗಳನ್ನು ತೋರಿಸಿದರೆ ಏನಾದರೂ ನೆನಪಾದೀತು ಅಂತ ತನ್ನ ಮದುವೆಯ ವೀಡಿಯೋವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ತಂದಿದ್ದಳು. ಇಪ್ಪತ್ತು ವರ್ಷದ ಹಿಂದಿನದು. ಮೊದಲು ಕ್ಯಾಸೆಟ್ಟಿನಲ್ಲಿತ್ತು, ಆಮೇಲೆ ಸೀಡಿಗೆ ಬಂತು, ಈಗ ಹೆಬ್ಬೆರಳಿನಷ್ಟು ಆಗಿದೆ.

ಧಾರೆ ಬಂತು, ಅವ್ವ ಸುಮ್ಮನೆ ನೋಡಿದಳು. ಅಪ್ಪ ಬಂದರು, ನಾವೆಲ್ಲ ಅವ್ವನ ಮುಖ ನೋಡಿದೆವು. ಯಾರೋ ಎತ್ತರದೋರು ಅಂದಳು, ಅಷ್ಟೇ. ಆಮೇಲೆ ನಮ್ಮೂರಲ್ಲಿ ಮಾಡಿದ್ದ ಬೀಗರ ಊಟ ಶುರುವಾಯಿತು. ಮದುವೆ ವೀಡಿಯೋದಲ್ಲಿ ಎಲ್ಲರೂ ಮುಂದಕ್ಕೆ ಓಡಿಸುವ ಭಾಗ ಅದು. ಕ್ಯಾಮೆರಾದವನು ದೀಪ ಹಿಡಿದುಕೊಂಡು ಒಂದೊಂದೇ ಎಲೆಯ ಮುಂದೆ ನಿಲ್ಲುತ್ತಾನೆ. ಜನ ತುತ್ತನ್ನು ಕೈಯಲ್ಲೇ ಹಿಡಿದು ತಲೆ ಬಗ್ಗಿಸುತ್ತಾರೆ, ಕೆಲವರು ಬಾಯಿಗೆ ಕೈ ಅಡ್ಡ ಇಡುತ್ತಾರೆ, ಮೂಳೆ ಕಡಿಯುತ್ತಿರುವವರು ಅದನ್ನು ಎಲೆ ಕೆಳಗೆ ಬಚ್ಚಿಡುತ್ತಾರೆ. ತಂಗಿ ಅದನ್ನು ಓಡಿಸಣ್ಣ ಅಂದಳು. ರಿಮೋಟು ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ಅಂಗಡಿಗೆ ಬಂದವರೊಬ್ಬರ ಫೋನು ಬಂತು. ಅದನ್ನು ಮುಗಿಸಿ ತಿರುಗುವಷ್ಟರಲ್ಲಿ ಅವ್ವ ಕುರ್ಚಿಯಿಂದ ಮುಂದಕ್ಕೆ ಬಂದು ಅಂಚಿನಲ್ಲಿ ಕೂತಿದ್ದಳು.

ಕಣ್ಣು ಸಾಲಿನ ಉದ್ದಕ್ಕೂ ಓಡುತ್ತಿತ್ತು. ಅಂಥ ಕಣ್ಣನ್ನು ಎರಡು ವರ್ಷದಿಂದ ನಾನು ನೋಡಿರಲಿಲ್ಲ. ಕೈ ಎತ್ತಿ ತೋರಿಸಿ, "ಮೂರ್ನೇ ಎಲೆಗೆ ಮುದ್ದೆ ಆಗೋಗದೆ. ಯಾರಾದ್ರೂ ನೋಡ್ರಲಾ" ಅಂದಳು.

ನಾನು ವೀಡಿಯೋ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಟೀವಿ ಹತ್ತಿರ ಹೋಗಿ ಎಲೆ ಎಣಿಸಿದೆ. ಮೂರನೆಯ ಎಲೆಯಲ್ಲಿ ಸಾರು ಮಾತ್ರ ಉಳಿದಿತ್ತು. ಆ ಎಲೆಯ ಮುಂದಿದ್ದ ಮುದುಕ ಬೆರಳಲ್ಲಿ ಸಾರು ಗೀರುತ್ತಾ, ಕೇಳಲು ನಾಚಿಕೊಂಡು, ಬಡಿಸುವವರ ಕಡೆ ಕಳ್ಳನೋಟ ಬೀರುತ್ತಿದ್ದ. ಕ್ಯಾಮೆರಾದವನಿಗೆ ಅದು ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ. ಮುಂದಕ್ಕೆ ಬಿಟ್ಟೆ. ಅವ್ವ ಹೇಳುತ್ತಾ ಹೋದಳು. ಕೊನೇಲಿ ಕೂತಿರೋ ಹುಡುಗಿಗೆ ಖಾರ ಆಗದೆ, ಮಜ್ಜಿಗೆ ಬುಡು. ಆ ಕಂಬದ ತಾವ ಇರೋರಿಗೆ ಬೋಟಿ ಇಕ್ಕಬೇಡ, ಅವ್ರು ಮುಟ್ಟಿಲ್ಲ. ನಾನು ಪ್ರತಿ ಸಲವೂ ನಿಲ್ಲಿಸಿ ನೋಡಿದೆ. ಒಂದೂ ತಪ್ಪಿರಲಿಲ್ಲ. ತನ್ನ ಗಂಡನ ಮುಖ ಗುರುತು ಹಿಡಿಯದವಳು, ಹೊಟ್ಟೆಯಲ್ಲಿ ಹುಟ್ಟಿದ ನನ್ನನ್ನು ಮೋಟಾರಿನವನು ಅನ್ನುವವಳು, ಐವತ್ತು ಎಲೆಯ ಸಾಲಿನಲ್ಲಿ ಯಾರಿಗೆ ಏನು ಬೇಕು ಅನ್ನುವುದನ್ನು ಒಂದೇ ನೋಟಕ್ಕೆ ಓದುತ್ತಿದ್ದಾಳೆ.

ಊರಲ್ಲಿ ಯಾರ ಮನೆ ಕಾರ್ಯವಾದರೂ ಅವ್ವನನ್ನು ಬಡಿಸುವುದಕ್ಕೆ ಕರೆಯುತ್ತಿದ್ದರು ಅನ್ನುವುದು ನನಗೆ ಗೊತ್ತಿತ್ತು. ಅದೊಂದು ವಿದ್ಯೆ ಅಂತ ಮಾತ್ರ ಗೊತ್ತಿರಲಿಲ್ಲ. ನಾನು ತಂತಿ ಸುತ್ತು ಎಣಿಸುವುದನ್ನೇ ದೊಡ್ಡದು ಅಂದುಕೊಂಡಿದ್ದೆ.

ಅವತ್ತು ಅವ್ವ ಉಂಡಳು. ಎಲ್ಲರ ಎಲೆಗೂ ಬಿದ್ದಿದೆ ಅಂತ ಸಮಾಧಾನವಾದ ಮೇಲೆ, ಟೀವಿಯವರ ಜೊತೆಯಲ್ಲೇ, ನಾಲ್ಕು ತುತ್ತು. ಮಾರನೆಯ ದಿನ ಐದು. ತಂಗಿ ಪೆನ್‌ಡ್ರೈವನ್ನು ಬಿಟ್ಟು ಹೋದಳು. ನಾನು ದಿನಾ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಬಂದು ಬೀಗರ ಊಟ ಹಾಕುತ್ತಿದ್ದೆ. ಗಿರಾಕಿಗಳು ಏನಣ್ಣ ದಿನಾ ಹೋಗ್ತೀಯ ಅಂದರೆ, ಮನೇಲಿ ಇನ್ನೂರು ಜನ ಊಟಕ್ಕೆ ಬಂದವ್ರೆ ಅನ್ನುತ್ತಿದ್ದೆ. ಗೆದ್ದೆ ಅಂತಲೇ ತಿಳಿದಿದ್ದೆ. ಪಕ್ಕದ ಅಂಗಡಿಯವನ ಮುಂದೆ, ಡಾಕ್ಟರ ಕೈಲಿ ಆಗದ್ದನ್ನು ನಾನು ಮಾಡಿದೆ ಅಂತಲೂ ಹೇಳಿಬಿಟ್ಟೆ.

ಒಂದು ವಾರ ಆಗಿರಬೇಕು. ತುತ್ತು ಎತ್ತಿದವಳು ಹಾಗೇ ಕೆಳಗಿಟ್ಟಳು. ಟೀವಿಯಲ್ಲಿ ಒಬ್ಬ ಹೆಂಗಸು, ಹಸಿರು ಸೀರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾರಿನ ಬಕೀಟು ಹಿಡಿದು ಸಾಲಿನ ಮುಂದೆ ಬಗ್ಗಿ ಬಗ್ಗಿ ಹೋಗುತ್ತಿದ್ದಳು. ಅವ್ವ ಅವಳನ್ನೇ ನೋಡುತ್ತಿದ್ದಳು.

"ಆಯಮ್ಮ ಆಗ್ಲಿಂದ ಓಡಾಡ್ತಾವ್ಳೆ," ಅಂದಳು. "ಉಂಡವ್ಳಾ?"

ಅದು ಅವ್ವನೇ. ಇಪ್ಪತ್ತು ವರ್ಷದ ಹಿಂದಿನ ಅವ್ವ, ಕೂದಲು ಇನ್ನೂ ಕಪ್ಪು, ತೋಳು ತುಂಬ ಬಲ.

ಅದು ನೀನೇ ಕಣವ್ವ ಅಂದೆ. ಹಾಗೆ ಅನ್ನಬಾರದಿತ್ತು. ಅವ್ವ ನನ್ನ ಮುಖವನ್ನು ನೋಡಿ, ಇವನಿಗೆ ಬುದ್ಧಿ ಸರಿ ಇಲ್ಲ ಅನ್ನುವ ಹಾಗೆ ನನ್ನ ಹೆಂಡತಿಯ ಕಡೆ ನೋಡಿದಳು. ಉಂಡವ್ಳೆ ಬಿಡು ಅಂತ ತಿದ್ದಿಕೊಂಡೆ. ಯಾವಾಗ ಉಂಡ್ಲು, ನಾನು ನೋಡಲಿಲ್ಲವಲ್ಲ ಅಂದಳು. ತಟ್ಟೆ ಹಿಂದಕ್ಕೆ ತಳ್ಳಿದಳು. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಸಾಲಿನವರೆಲ್ಲ ಉಂಡರೂ ಅವ್ವನಿಗೆ ಸಮಾಧಾನವಿಲ್ಲ. ಆಯಮ್ಮ ಉಂಡಿಲ್ಲ, ನಾನು ಹೇಗೆ ಉಣ್ಣಲಿ. ಡಾಕ್ಟರು ಕೊಟ್ಟಿದ್ದ ತಿಂಗಳಲ್ಲಿ ಇನ್ನು ಒಂಬತ್ತು ದಿನ ಉಳಿದಿತ್ತು. ರವಿಕೆಯ ತೋಳು ಸಡಿಲವಾಗಿ ಜಾರುತ್ತಿತ್ತು.

ಸರಿ, ಆಯಮ್ಮ ಉಣ್ಣುವುದನ್ನು ಟೀವಿಯಲ್ಲೇ ತೋರಿಸಿಬಿಟ್ಟರೆ ಆಯಿತು ಅಂತ ಲೆಕ್ಕ ಹಾಕಿದೆ. ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಭಾನುವಾರ ಬೆಳಿಗ್ಗೆ ಅವ್ವ ಬಿಸಿಲಿಗೆ ಕೂತಿದ್ದಾಗ ಒಳಗೆ ಕೂತು ಶುರುವಿಂದ ನೋಡಿದೆ. ನಾಲ್ಕು ಗಂಟೆಯ ವೀಡಿಯೋ. ಚಪ್ಪರ, ಅರಿಶಿನ, ಧಾರೆ, ಆರತಕ್ಷತೆ, ಬೀಗರ ಊಟ. ಅಪ್ಪ ಊಟ ಮಾಡುತ್ತಿದ್ದಾರೆ, ಮೂರು ಕಡೆ. ನಾನು ಊಟ ಮಾಡುತ್ತಿದ್ದೇನೆ, ಐದು ಕಡೆ, ಒಂದರಲ್ಲಿ ಎರಡು ಮೊಟ್ಟೆ ಒಟ್ಟಿಗೆ ಹಾಕಿಸಿಕೊಳ್ಳುತ್ತಿದ್ದೇನೆ. ಅಡುಗೆಯವರು, ವಾಲಗದವರು, ಕೊನೆಗೆ ಕ್ಯಾಮೆರಾದವನ ಜೊತೆಯವನು ಕೂಡ ಊಟ ಮಾಡುತ್ತಿದ್ದಾನೆ. ಅವ್ವ ಎಲ್ಲ ಕಡೆಯೂ ಇದ್ದಾಳೆ. ಬಕೀಟು ಹಿಡಿದು, ಸೌಟು ಹಿಡಿದು, ಎಲೆ ಹಾಸುತ್ತಾ, ನೀರು ಕೊಡುತ್ತಾ. ಕೂತ ಅವ್ವ ಒಂದು ಕಡೆಯೂ ಇಲ್ಲ.

ರಿಮೋಟು ಕೆಳಗಿಟ್ಟೆ. ವೀಡಿಯೋದಲ್ಲಿ ಇಲ್ಲದಿದ್ದರೆ ಹೋಗಲಿ, ನನ್ನ ತಲೆಯಲ್ಲಿ ಇದೆಯಾ ಅಂತ ಹುಡುಕಿದೆ. ಗದ್ದೆಗೆ ಬುತ್ತಿ ತರುವ ಅವ್ವ ಇದ್ದಾಳೆ. ನನಗೆ ಜ್ವರ ಬಂದಾಗ ಗಂಜಿ ಕುಡಿಸುವ ಅವ್ವ ಇದ್ದಾಳೆ. ಅಪ್ಪನ ತಟ್ಟೆಗೆ ಇನ್ನೊಂದು ಅರ್ಧ ಮುದ್ದೆ ಹಾಕಿ ಬೇಡ ಅನ್ನುವಷ್ಟರಲ್ಲಿ ಸಾರು ಬಿಟ್ಟುಬಿಡುವ ಅವ್ವ ಇದ್ದಾಳೆ. ಅವ್ವ ತುತ್ತು ಮಾಡಿ ತನ್ನ ಬಾಯಿಗೆ ಇಟ್ಟುಕೊಳ್ಳುವುದು ಎಷ್ಟು ಹುಡುಕಿದರೂ ಸಿಗಲಿಲ್ಲ. ಐವತ್ತು ವರ್ಷದಿಂದ ಅವಳ ಮಗನಾಗಿದ್ದೇನೆ. ಬೆಟ್ಟವನ್ನು ದಿನಾ ನೋಡುತ್ತಿದ್ದವನಿಗೆ ಒಂದು ದಿನ ಅದರ ಹಿಂದೆ ಇನ್ನೊಂದು ಬೆಟ್ಟ ಇದೆ ಅಂತ ಗೊತ್ತಾದರೆ ಹೇಗಾಗುತ್ತದೋ ಹಾಗಾಯಿತು.

ತಂಗಿಗೆ ಫೋನು ಮಾಡಿದೆ. ನಿನ್ನ ಮದುವೆಯಲ್ಲಿ ಅವ್ವ ಊಟ ಮಾಡಿದಳಾ ಇಲ್ಲವಾ ಅಂತ ಕೇಳಿದೆ. ಅವಳು ಮೊದಲು ನಕ್ಕಳು. ಆಮೇಲೆ, "ನೀವು ಗಂಡಸ್ರು ಕೈ ತೊಳ್ಕಂಡು ಎಲೆ ಅಡಕೆ ಹಾಕ್ಕೊಂಡು ಓದ್ಮೇಲೆ ಇನ್ನೊಂದು ಊಟ ನಡೀತದೆ ಕಣಣ್ಣ. ನಿಮ್ಗೆಲ್ಲಿ ಗೊತ್ತಾಗ್ಬೇಕು" ಅಂದಳು.

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲೇ ಬರೆಯುತ್ತೇನೆ. ಕೊನೆಯ ಸಾಲಿನವರು ಎದ್ದು, ಕ್ಯಾಮೆರಾದವನೂ ಉಂಡು ಹೋದ ಮೇಲೆ, ಬಡಿಸಿದ ಹೆಂಗಸರೆಲ್ಲ ಹಿತ್ತಲಲ್ಲಿ ಒಲೆಗಳ ಪಕ್ಕ ನೆಲದ ಮೇಲೆ ದುಂಡಗೆ ಕೂರುತ್ತಾರೆ. ಪಾತ್ರೆಗಳನ್ನು ನಡುವೆ ಇಟ್ಟುಕೊಳ್ಳುತ್ತಾರೆ. ಅಲ್ಲಿ ಬಡಿಸುವವರು ಬೇರೆ ಯಾರೂ ಇಲ್ಲ. ಒಬ್ಬೊಬ್ಬರು ಪಕ್ಕದವರ ಎಲೆಗೆ ಹಾಕುತ್ತಾರೆ, ತನ್ನ ಎಲೆಗೆ ತಾನೇ ಹಾಕಿಕೊಳ್ಳುವಂತಿಲ್ಲ. ಆಗ ಯಾರಾದರೂ ಗಂಡಸು ಅತ್ತ ಬಂದರೆ ಬೈದು ಓಡಿಸುತ್ತಾರೆ. ಬಡಿಸಿದವರು ಉಣ್ಣುವುದನ್ನು ಉಂಡವರು ನೋಡಬಾರದು. ಅವ್ವ ಆ ದುಂಡಿನಲ್ಲೂ ಎಲ್ಲರಿಗಿಂತ ಕೊನೆಗೆ ಕೂರುತ್ತಿದ್ದಳಂತೆ, ಆದರೆ ಎಲ್ಲರಿಗಿಂತ ಹೆಚ್ಚು ನಗಿಸುತ್ತಿದ್ದಳಂತೆ. ಅವತ್ತಿನ ಊಟವೇ ಊಟ ಕಣಣ್ಣ ಅಂದಳು ತಂಗಿ.

ಫೋನು ಇಟ್ಟ ಮೇಲೆ ಡೈನಿಂಗ್ ಟೇಬಲ್ಲು ನೋಡಿದೆ. ದಿಂಬಿನ ಕುರ್ಚಿ ನೋಡಿದೆ. ಎಲ್ಲರಿಗಿಂತ ಮೊದಲು, ಎಲ್ಲರ ಕಣ್ಣೆದುರಿಗೆ, ಅವಳೊಬ್ಬಳಿಗೇ ತಟ್ಟೆ ಇಟ್ಟು, ಅವ್ವನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂತ ಎದೆಯುಬ್ಬಿಸಿದ್ದೆ. ಆ ಗೌರವ ನನ್ನ ಲೆಕ್ಕದ್ದು. ಅವ್ವನ ಲೆಕ್ಕದಲ್ಲಿ ಅದು ನಾಚಿಕೆಗೇಡು. ತಂತಿಯನ್ನು ಉಲ್ಟಾ ಸುತ್ತಿದ್ದೆ. ಕರೆಂಟು ಎಷ್ಟು ಕೊಟ್ಟರೂ ಮೋಟಾರು ತಿರುಗುವುದು ಎಲ್ಲಿಂದ ಬಂತು.

ಅವತ್ತು ಮಧ್ಯಾಹ್ನ ನನ್ನ ಹೆಂಡತಿ ಮುದ್ದೆ, ಅವರೆಕಾಳಿನ ಸಾರು ಮಾಡಿದ್ದಳು. ಅವ್ವನನ್ನು ಟೀವಿ ಮುಂದೆ ಕೂರಿಸಿದೆವು, ತಟ್ಟೆ ಇಡಲಿಲ್ಲ. ಬೀಗರ ಊಟ ಹಾಕಿದೆ. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲು ನೋಡಿಕೊಂಡಳು. ಉಪ್ಪು ಯಾರಿಗೆ, ಅನ್ನ ಯಾರಿಗೆ, ಎಲ್ಲ ಹೇಳಿದಳು. ಕೊನೆಯ ಸಾಲು ಎದ್ದಿತು. ಜನ ಎಲೆ ಮಡಿಸಿ ಕೈ ತೊಳೆಯಲು ಹೊರಟರು. ಅಲ್ಲಿಗೆ ಟೀವಿ ಆರಿಸಿದೆ.

"ಎಲ್ರೂ ಉಂಡೆದ್ರು ಕಣವ್ವ," ಅಂದೆ. "ಇನ್ನು ಇಕ್ಕಿದೋರು ಕೂತ್ಕಳ ಹೊತ್ತು."

ಅವ್ವ ಟೀವಿಯನ್ನು ನೋಡಿದಳು. ಗೇಟಿನ ಕಡೆ ಹೋಗಲಿಲ್ಲ. ಸೊಂಟದ ಸೆರಗನ್ನು ಬಿಚ್ಚಿ ಮುಖ ಒರೆಸಿಕೊಂಡಳು, ದೊಡ್ಡ ಕೆಲಸ ಮುಗಿಸಿದವರು ಒರೆಸಿಕೊಳ್ಳುವ ಹಾಗೆ. ನನ್ನ ಹೆಂಡತಿ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಅಲ್ಲಿ ನೆಲದ ಮೇಲೆ ಮೂರು ಬಾಳೆ ಎಲೆ ಹಾಸಿ, ಪಾತ್ರೆಗಳನ್ನು ನಡುವೆ ಇಟ್ಟಿದ್ದೆ. ಅವ್ವ ಬಾಗಿಲಲ್ಲೇ ನಿಂತು, ಮೊದಲು ನನ್ನ ಕೆಲಸ ತಪಾಸಣೆ ಮಾಡಿದಳು. ಒಂದು ಎಲೆಯನ್ನು ತಿರುಗಾಮುರುಗಾ ಹಾಸಿದ್ದೆ. ತುದಿ ಎಡಕ್ಕೆ ಬರಬೇಕು ಅಂತ ಕಾಲಲ್ಲಿ ತೋರಿಸದೆ, ಕಷ್ಟಪಟ್ಟು ಬಗ್ಗಿ ಕೈಯಲ್ಲೇ ತಿರುಗಿಸಿ ಇಟ್ಟಳು. ಆಮೇಲೆ ಎಣಿಸಿದಳು.

"ಆಯಮ್ಮಂಗೆ?"

ಇನ್ನೊಂದು ಎಲೆ ಹಾಸಿದೆ. ನಾಲ್ಕಾಯಿತು. ನನ್ನ ಹೆಂಡತಿಯದು, ನನ್ನದು, ಅವ್ವನದು, ಹಸಿರು ಸೀರೆಯ ಹೆಂಗಸಿನದು.

ಅವ್ವ ಸೌಟಿಗೆ ಕೈ ಚಾಚಿದಳು. ಬಿಸಿ ಇದೆ, ಚೆಲ್ಲಿಬಿಡುತ್ತಾಳೆ ಅಂತ ನಾನು ಮುಂದೆ ಹೋದೆ. ನನ್ನ ಹೆಂಡತಿ ಕಣ್ಣಲ್ಲೇ ತಡೆದಳು. ರವಿಕೆಯ ಗುಂಡಿ ಹಾಕಿಕೊಳ್ಳಲಾರದ ಆ ಕೈ ಒಂದು ಹನಿ ಚೆಲ್ಲದೆ ಬಡಿಸಿತು. ಉಪ್ಪು ಎಡಗಡೆಯ ಮೂಲೆಗೆ, ಮುದ್ದೆ ನಡುವೆ, ಸಾರು ಮುದ್ದೆಯ ಸುತ್ತ ಹರಿದು ಎಲೆಯ ಅಂಚಿಗೆ ಬಂದು ಅಲ್ಲೇ ನಿಲ್ಲುವಷ್ಟು. ನಾಲ್ಕು ಎಲೆಗೂ ಒಂದೇ ಅಳತೆ. ಮುಂದೇನು ಅಂತ ನನಗೆ ಗೊತ್ತಿರಲಿಲ್ಲ. ಬಡಿಸುವವರೆಗೆ ಯೋಚನೆ ಮಾಡಿದ್ದೆ, ಆಚೆಗೆ ಮಾಡಿರಲಿಲ್ಲ. ಅವ್ವ ಹಿತ್ತಲ ಬಾಗಿಲ ಕಡೆ ನೋಡಿದಳು. ಆಯಮ್ಮ ಬರಬೇಕಲ್ಲ. ಯಾರನ್ನು ತರಲಿ ನಾನು.

ನನ್ನ ಹೆಂಡತಿ ಸುಮ್ಮನೆ ಹೋಗಿ ಒಂದು ಎಲೆಯ ಮುಂದೆ ಕೂತಳು. ಬನ್ನಿ ಅತ್ತೆ, ಬಡಿಸಿದೋರೆಲ್ಲ ಒಟ್ಟಿಗೇ ಕೂತ್ಕಳವ, ಕಾಲು ನೋಯ್ತದೆ ಅಂದಳು, ಜೊತೆಗೆ ಬಡಿಸಿ ಬಂದವಳ ಹಾಗೆ. ಅವ್ವ ಗೋಡೆ ಹಿಡಿದುಕೊಂಡು ಬಂದಳು. ನಾನು ಅವಳಿಗೆಂದು ಹಾಸಿದ್ದ ಎಲೆಯನ್ನು ದಾಟಿದಳು. ಮುಂದೆ ಹೋಗಿ ಆ ಹಸಿರು ಸೀರೆಯ ಹೆಂಗಸಿನ ಎಲೆಯ ಮುಂದೆ, ಒಂದು ಮೊಣಕಾಲು ಮೇಲೆ ಎತ್ತಿ ಕೂತಳು. ಒಂದು ಚೂರು ಉಪ್ಪು ಮುಟ್ಟಿದಳು. ಮುದ್ದೆ ಮುರಿದಳು.

ನಾನು ಹೊರಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡೆ. ಬಡಿಸಿದವರು ಉಣ್ಣುವುದನ್ನು ನೋಡಬಾರದು ಅಂದಿದ್ದಳಲ್ಲ ತಂಗಿ. ಆದರೂ ಆಸೆ ತಡೆಯಲಿಲ್ಲ, ಸಂದಿಯಲ್ಲಿ ನೋಡಿದೆ. ಅವ್ವ ಬೇಗ ಬೇಗ ಉಣ್ಣುತ್ತಾಳೆ. ತುತ್ತು ಸಣ್ಣದು, ಸಾರಿನಲ್ಲಿ ಒಂದು ಸಲ ಹೊರಳಿಸಿ ತಲೆ ಎತ್ತದೆ ನುಂಗುತ್ತಾಳೆ. ಯಾರಾದರೂ ಕೂಗಿದರೆ ಎದ್ದು ಹೋಗುವುದಕ್ಕೆ ಆ ಎತ್ತಿದ ಮೊಣಕಾಲು ತಯಾರಾಗಿಯೇ ಇರುತ್ತದೆ. ಎರಡು ತುತ್ತಿಗೊಮ್ಮೆ ಎಡಗೈಯಿಂದ ನನ್ನ ಹೆಂಡತಿಯ ಎಲೆಗೆ ಸಾರು ಬಿಡುತ್ತಾಳೆ. ಇವೆಲ್ಲ ನನಗೆ ಹೊಸದು. ಐವತ್ತು ವರ್ಷಕ್ಕೆ ನಮ್ಮವ್ವ ಹೇಗೆ ಊಟ ಮಾಡುತ್ತಾಳೆ ಅಂತ ನೋಡಿದೆ.

ತಿಂಗಳು ತುಂಬಿದ ದಿನ ಹಾಸನಕ್ಕೆ ಹೋದೆವು. ತೂಕ ಏರಿರಲಿಲ್ಲ, ಆದರೆ ಇಳಿಯುವುದು ನಿಂತಿತ್ತು. ಡಾಕ್ಟರು ಏನು ಮಾಡಿದಿರಿ ಅಂತ ಕೇಳಿದರು. ಊಟದ ಹೊತ್ತು ಬದಲಿಸಿದೆವು ಸಾ ಅಂದೆ ಮೊದಲು. ಆಮೇಲೆ ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಪೈಪಿನ ಮಾತು ಆಡಲಿಲ್ಲ, ಎರಡು ತಿಂಗಳು ಬಿಟ್ಟು ಬನ್ನಿ ಅಂತ ಬರೆದುಕೊಟ್ಟರು. ಎಲ್ಲ ದಿನವೂ ನಡೆಯುತ್ತದೆ ಅಂತಲ್ಲ. ಕೆಲವು ದಿನ ಟೀವಿಯವರು ಎದ್ದರೂ ಅವ್ವ ಕೂರುವುದಿಲ್ಲ. ಒಂದು ದಿನ ಬಡಿಸುವುದನ್ನೇ ಮರೆತು ಸೌಟು ಹಿಡಿದು ನಿಂತಿದ್ದಳು. ಕಾಯಿಲೆ ಯಾವ ಕಡೆಗೆ ಹೋಗುತ್ತದೆ ಅಂತ ನನಗೆ ಗೊತ್ತು. ಇದು ರಿಪೇರಿಯಾಗುವ ಮೋಟಾರಲ್ಲ.

ಹೋದ ವಾರದ್ದು ಒಂದು ಹೇಳಿ ಮುಗಿಸುತ್ತೇನೆ. ಹೆಂಡತಿಗೆ ಹುಷಾರಿರಲಿಲ್ಲ, ಮಲಗಿದ್ದಳು. ಹುರುಳಿಕಾಳಿನ ಸಾರನ್ನು ನಾನೇ ಮಾಡಿದ್ದೆ. ಅವ್ವನ ಜೊತೆ ಕೂರುವುದಕ್ಕೆ ಬೇರೆ ಯಾರೂ ಇರಲಿಲ್ಲ, ಹಾಗಾಗಿ ನಾನೇ ಕೂತೆ. ಗಂಡಸು ಅಂತ ಓಡಿಸುತ್ತಾಳೇನೋ ಅಂದುಕೊಂಡೆ, ಓಡಿಸಲಿಲ್ಲ. ಇಬ್ಬರೂ ಉಣ್ಣುತ್ತಿದ್ದೆವು. ಮುದ್ದೆ ಮುಗಿದು ಎಲೆಯಲ್ಲಿ ಅನ್ನ ಇತ್ತು. ಅವ್ವ ಉಣ್ಣುವುದನ್ನು ನಿಲ್ಲಿಸಿ ನನ್ನ ಎಲೆ ನೋಡಿದಳು, ಪಾತ್ರೆ ನೋಡಿದಳು. ನನಗೆ ಬಡಿಸುತ್ತಾಳೆ ಅಂತ ಎಲೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದೆ. ಅವ್ವ ಬೆರಳಿಂದ ತನ್ನ ಅನ್ನದ ನಡುವೆ ಒಂದು ಗುಳಿ ಮಾಡಿದಳು.

"ಚೆನ್ನಾಗದೆ," ಅಂದಳು. "ನಂಗೆ ಇನ್ನೊಂಚೂರು ಬುಡು."